ತಿರುವಿಲ್ಲದ ದಾರಿ

ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಯನ್ನು ಎಳೆದ ರಭಸಕ್ಕೆ ಬೀರುವಿನ ಮೇಲಿನ ಅರೆಯಿಂದ ಬೆಟ್ಟಗಳೆಲ್ಲ ದಬದಬನೆ ಉದುರಿದವು. ಮಡಿಸಿಟ್ಟ ನಕ್ಷೆಗಳು, ಹೊಳಪು ಕಾಗದದ ಪ್ರವಾಸಿ ಪುಸ್ತಿಕೆಗಳು, ಪತ್ರಿಕೆಗಳಿಂದ ಕತ್ತರಿಸಿದ ಹಿಮದ ಶಿಖರಗಳು, ರೈಲಿನ ಹಳೆಯ ವೇಳಾಪಟ್ಟಿಗಳು. ಒಂದು ನಕ್ಷೆ ಬಿಚ್ಚಿಕೊಂಡು ಆಕೆಯ ತಲೆಯ ಮೇಲೇ ಕವುಚಿತು.

"ಅತ್ತಿಗೆ, ಅಂಗಿ ಸಿಕ್ತಾ? ಸ್ನಾನ ಮಾಡಿಸಿದವರು ಅವಸರ ಮಾಡ್ತಿದ್ದಾರೆ." ನಾದಿನಿ ಬಾಗಿಲಲ್ಲಿ ನಿಂತಿದ್ದಳು.

"ಸಿಕ್ತು. ನಿಮ್ಮಣ್ಣ ಹೋದ ಮೇಲೂ ನನ್ನ ತಲೆ ಮೇಲೆ ಬೆಟ್ಟ ಹೊರಿಸ್ತಿದ್ದಾರೆ ನೋಡು."

ನಾದಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಿ ಇಸಿದುಕೊಂಡು ಹೋದಳು. ಆಕೆ ಬಿದ್ದ ಕಾಗದಗಳನ್ನು ಕಾಲಿನಿಂದಲೇ ಮಂಚದ ಕೆಳಕ್ಕೆ ತಳ್ಳಿದಳು.

ಊರಿಗೆಲ್ಲ ಆಕೆಯ ಗಂಡ ಹಲ್ಲಣ್ಣ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಕಟ್ಟುಹಲ್ಲು ಮಾಡಿಕೊಂಡಿದ್ದವರು. ಯಾರದೋ ಒಸಡಿಗೆ ಚುಚ್ಚಬಾರದೆಂದು ಒಂದೇ ಅಂಚನ್ನು ಎರಡು ದಿನ ಉಜ್ಜುವ ಮನುಷ್ಯ. ನಿನ್ನೆ ಮಧ್ಯಾಹ್ನ ಒಬ್ಬ ಮುದುಕಿಯ ಕೆಳದವಡೆಯ ಕಟ್ಟುಹಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಮೇಜಿನ ಮೇಲೆ ಒರಗಿದವರು ಏಳಲಿಲ್ಲ. ಎಂದಿನಂತೆ ಒಂದು ಕಣ್ಣು ಮುಚ್ಚಿ ಅಂಚು ನೋಡುತ್ತಿದ್ದಾರೆಂದು ಡಾಕ್ಟರು ಎರಡು ಸಲ ಬಾಗಿಲಿಂದ ಇಣುಕಿ ಹಾಗೇ ಹೋಗಿದ್ದರಂತೆ.

ನಡುಮನೆಯಲ್ಲಿ ಜನ ತುಂಬಿದ್ದರು. ಆಕೆ ಬಂದು ಕುಳಿತದ್ದೇ ತಡ, ಎದುರು ಮನೆಯ ಮೇಷ್ಟ್ರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮನ್ನ ಆ ಬೆಟ್ಟಕ್ಕೆ ಕಳಿಸಿದ್ದೇ ಇವರು, ಅಮ್ಮ. ಎಡಗಡೆ ಕಿಟಕೀನೇ ತಗೊಳ್ಳಿ, ಬೆಳಗ್ಗೆ ಆರೂಕಾಲಿಗೆ ಎದ್ದು ಕೂತಿರಿ ಅಂದಿದ್ರು. ಸರಿಯಾಗಿ ಆರೂಕಾಲಿಗೆ ಮೋಡ ಸರೀತು ನೋಡಿ! ಸಾಲಿಗೆ ಸಾಲೇ ಬಂಗಾರ!"

"ನಮ್ಮದೂ ಅವರದೇ ಪ್ಲಾನು," ಎಂದರು ಡಾಕ್ಟರು. "ಎಲ್ಲಿ ಊಟ ಮಾಡಬೇಕು, ಯಾವ ಹೋಟೆಲಿನಲ್ಲಿ ಬಿಸಿನೀರು ಬರಲ್ಲ, ಎಲ್ಲಾ ಬರೆದು ಕೊಟ್ಟಿದ್ರು. ಒಂದಿಷ್ಟೂ ಎಡವಟ್ಟಾಗಲಿಲ್ಲ."

ಮೇಷ್ಟ್ರು ಆಕೆಯ ಕಡೆ ತಿರುಗಿದರು. "ನೀವಿಬ್ಬರೂ ಅದೆಷ್ಟು ಸಲ ನೋಡಿ ಬಂದಿದ್ದೀರೋ!"

ಆಕೆಯ ಬಾಯಿಂದ "ಹೂಂ" ಎಂದು ಬಂದುಬಿಟ್ಟಿತು. ಮಲಗಿರುವ ಗಂಡನ ಎದುರಿಗೇ ಅವರ ಮಾನ ಕಳೆಯಲು ಮನಸ್ಸು ಬರಲಿಲ್ಲ.

*

ಮೊದಲು ಆ ಬೆಟ್ಟದ ಆಸೆ ಹುಟ್ಟಿದ್ದು ಆಕೆಗೇ. ಮದುವೆಯಾದ ಎರಡನೇ ವರ್ಷ, ತಾನು ಕೆಲಸ ಮಾಡುತ್ತಿದ್ದ ಸಿದ್ಧ ಉಡುಪಿನ ಅಂಗಡಿಯಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ದಿನವಿಡೀ ಕಂಡವರ ಪ್ಯಾಂಟಿನ ತುದಿ ಕತ್ತರಿಸಿ ಹೊಲಿಯುವವಳಿಗೆ, ಆಕಾಶದ ತುದಿಯನ್ನೂ ಹಾಗೇ ಯಾರೋ ಅಂಕುಡೊಂಕಾಗಿ ಕತ್ತರಿಸಿದಂತೆ ಕಂಡಿತ್ತು. "ಒಂದು ಸಲ ಹೋಗೋಣರೀ," ಎಂದಳು. "ಹೋಗೋಣ," ಎಂದರು ಅವರು, ಮರುದಿನವೇ ನಕ್ಷೆ ತಂದರು.

ಮೊದಲ ಸಲ ಅತ್ತೆಯ ಕಾಲು ಮುರಿಯಿತು. ಅದು ನಿಜವಾದ ಕಾರಣ. ಆಮೇಲಿನ ಕಾರಣಗಳೆಲ್ಲ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಕರಗುವಂಥವು. ಈ ಸಲ ಮೋಡ ಜಾಸ್ತಿಯಂತೆ. ಈ ಸಲ ರಸ್ತೆ ಅಗಲ ಮಾಡ್ತಿದ್ದಾರಂತೆ. ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತಂತೆ. ಎರಡು ಸಲ ಆಕೆ ರಜೆ ಮಂಜೂರು ಮಾಡಿಸಿಕೊಂಡು, ದಪ್ಪ ಸ್ವೆಟರು ಹೆಣೆದು, ಪೆಟ್ಟಿಗೆಯನ್ನೂ ತುಂಬಿದ್ದಳು. ಎರಡು ಸಲವೂ ಬಿಚ್ಚಿದಳು. ರಜೆಯಲ್ಲಿ ಮನೆಗೆ ಸುಣ್ಣ ಹೊಡೆಸಿದರು.

ಕಳೆದ ವರ್ಷ ಊಟದ ಮೇಜಿನ ತುಂಬ ನಕ್ಷೆ ಹರಡಿಕೊಂಡು ಕೂತವರನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ. "ನಿಮ್ಮ ಬೆಟ್ಟ ನಿಮಗೇ ಇರಲಿ! ಇನ್ನೊಂದು ಸಲ ಅದರ ಸುದ್ದಿ ಎತ್ತಿದ್ರೆ ಇದಕ್ಕೆಲ್ಲ ಬೆಂಕಿ ಹಚ್ತೀನಿ!"

ಅವರು ಕಾಗದಗಳನ್ನು ಒಂದೊಂದಾಗಿ ಮಡಿಸಿ, ಸ್ಟೂಲು ಹತ್ತಿ ಬೀರುವಿನಲ್ಲಿಟ್ಟರು. ಆಮೇಲೆ ಹನ್ನೊಂದು ತಿಂಗಳು ಆ ಮನೆಯಲ್ಲಿ ಬೆಟ್ಟದ ಮಾತೇ ಬರಲಿಲ್ಲ. ಅದೂ ಆಕೆಗೆ ಸಿಟ್ಟು ತರಿಸಿತ್ತು.

*

ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದವರದು ಇನ್ನೂ ಮುಗಿದಿರಲಿಲ್ಲ. ಮುಕ್ಕಾಲು ಗಂಟೆ ಕಾಯಬೇಕೆಂದು ಕಿಟಕಿಯಲ್ಲಿದ್ದವನು ತಲೆ ಎತ್ತದೆ ಹೇಳಿದ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಮೇಲೆ ಒಂದು ಫ್ಯಾನು ಕಟಕಟ ಅನ್ನುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರದ ಆಕೆಗೆ ಆ ಸದ್ದು ತಲೆಯೊಳಗೇ ಆದಂತಿತ್ತು.

"ಇಲ್ಲೂ ಕಾಯೋದೇ," ಎಂದಳು ಗೊಣಗುತ್ತ. "ಇವರ ಜೊತೆ ಹೊರಟ ಮೇಲೆ ಯಾವುದು ಹೊತ್ತಿಗೆ ಸರಿಯಾಗಿ ಆಗಿದೆ?"

ಜನರನ್ನು ಕರೆತಂದಿದ್ದ ವ್ಯಾನಿನ ಡ್ರೈವರು ಮುಂದೆ ಬಂದು ನಿಂತ. ನಡುವಯಸ್ಸಿನ ದಪ್ಪ ಮನುಷ್ಯ. ಪಕ್ಕದ ಪಟ್ಟಣದಿಂದ ಪ್ರವಾಸಿಗರನ್ನು ಅದೇ ಬೆಟ್ಟಸಾಲಿಗೆ ಕರೆದೊಯ್ಯುವುದು ಅವನ ಕಸುಬು. ಸುದ್ದಿ ತಿಳಿದು ತಾನಾಗಿಯೇ ವ್ಯಾನು ತಂದಿದ್ದ.

"ಅಮ್ಮಾ, ನಾನು ಸಾರನ್ನ ಮುಖತಃ ನೋಡಿದ್ದೇ ಇವತ್ತು. ಹದಿನೈದು ವರ್ಷದಿಂದ ಫೋನಲ್ಲೇ ಪರಿಚಯ. ವರ್ಷಕ್ಕೊಂದು ಸಲ ತಪ್ಪದೆ ಮಾಡೋರು. ಒಂದೇ ಪ್ರಶ್ನೆ."

"ಏನಂತೆ?"

"ತಿರುವಿಲ್ಲದ ದಾರಿ ಇದೆಯಾ ಅಂತ." ಡ್ರೈವರು ಕತ್ತು ಕೆರೆದುಕೊಂಡ. "ಸಾರ್, ಬೆಟ್ಟ ಅಂದ ಮೇಲೆ ತಿರುವು ಇಲ್ಲದೇ ಇರುತ್ತಾ ಅಂದೆ. ಹಾಗಾದ್ರೆ ಎಷ್ಟಿದೆ ಎಣಿಸಿ ಹೇಳಿ ಅಂದ್ರು. ಎಣಿಸಿದೆ, ನೂರ ಹದಿನೇಳು. ಮುಂದೆ ಸುರಂಗ ತೆಗೆದ್ರಲ್ಲ, ಆಗ ಮತ್ತೆ ಕೇಳಿದ್ರು. ನೂರ ಒಂಬತ್ತು ಅಂದೆ. 'ಈಗಲೂ ಜಾಸ್ತೀನೇ ಕಣಪ್ಪ, ನಮ್ಮ ಮನೆಯವರಿಗೆ ತಡ್ಕೊಳ್ಳಕ್ಕಾಗಲ್ಲ' ಅಂದ್ರು."

"ನನಗಾ? ನನಗೇನು ತಡ್ಕೊಳ್ಳಕ್ಕಾಗಲ್ಲ?"

"ಮದುವೆಯಾದ ಹೊಸದರಲ್ಲಿ ಯಾವುದೋ ಗುಡ್ಡದ ಬಸ್ಸಲ್ಲಿ ನಿಮಗೆ ತುಂಬಾ ಕಷ್ಟ ಆಗಿತ್ತಂತಲ್ಲ ಅಮ್ಮ."

*

ಮದುವೆಯಾಗಿ ಇಪ್ಪತ್ತು ದಿನವಾಗಿತ್ತು. ಪಕ್ಕದ ಊರಿನ ಸಣ್ಣ ಗುಡ್ಡ, ಹೆಚ್ಚೆಂದರೆ ಹತ್ತು ತಿರುವು. ಆಕೆ ಮೂರನೆಯದರಲ್ಲಿ ಅವರ ಹೊಸ ಪ್ಯಾಂಟಿನ ಮೇಲೆಯೇ ವಾಂತಿ ಮಾಡಿದಳು, ಏಳನೆಯದರಲ್ಲಿ ಕಣ್ಣು ಮೇಲೆ ಮಾಡಿದಳು. ಬಸ್ಸು ನಿಲ್ಲಿಸಿ ರಸ್ತೆ ಪಕ್ಕದಲ್ಲಿ ಮಲಗಿಸಿದರು. ಎಚ್ಚರವಾದಾಗ ಅವರ ಕೈ ಹಿಡಿದು, "ಇನ್ಯಾವತ್ತೂ ನನ್ನನ್ನ ಇಂಥ ದಾರೀಲಿ ಕರ್ಕೊಂಡು ಬರಲ್ಲ ಅಂತ ಮಾತು ಕೊಡಿ," ಎಂದಿದ್ದಳು. ಮುಖ ಬಿಳಿಚಿಕೊಂಡಿದ್ದ ಆ ತರುಣ, "ಕೊಟ್ಟೆ," ಎಂದಿದ್ದ.

ಮರುದಿನ ಬೆಳಗ್ಗೆ ಆಕೆ ಅದನ್ನು ಮರೆತಳು.

*

"ಮಾತ್ರೆ ಸಿಗುತ್ತಲ್ಲ!" ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅದಕ್ಕೆ ಮಾತ್ರೆ ಸಿಗುತ್ತಲ್ಲ!"

"ನನ್ನನ್ನ ಕೇಳಿದ್ರು," ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ. "ನಾನು ಹಲ್ಲಿನ ಡಾಕ್ಟರಪ್ಪ ಅಂತ ತಮಾಷೆ ಮಾಡಿ ಕಳಿಸಿಬಿಟ್ಟೆ."

"ಅಮ್ಮನ್ನೇ ಕೇಳಿ ನೋಡಿ ಸಾರ್ ಅಂತ ನಾನೂ ಹೇಳಿದೆ," ಎಂದ ಡ್ರೈವರು. "'ಕೇಳಿದ್ರೆ ಹೂಂ ಅಂತಾಳೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತ್ಕೋತಾಳೆ. ಅದನ್ನ ನೋಡಕ್ಕೆ ನನ್ನ ಕೈಲಾಗಲ್ಲ' ಅಂದ್ರು."

"ವಾಂತಿ ಮಾಡ್ಕೊಂಡೇ ಹೋಗ್ತಿದ್ದೆನಲ್ರೀ!" ಆಕೆಯ ಕೂಗಿಗೆ ಆಚೆ ಸಾಲಿನಲ್ಲಿ ಅಳುತ್ತಿದ್ದ ಅಪರಿಚಿತರೂ ಅಳು ನಿಲ್ಲಿಸಿ ತಿರುಗಿದರು. "ನೂರ ಹದಿನೇಳು ತಿರುವಿಗೆ ನೂರ ಹದಿನೇಳು ಸಲ ಮಾಡ್ತಿದ್ದೆ! ಸಾಯ್ತಿದ್ದೆನಾ? ಮೇಷ್ಟ್ರೇ, ಎಷ್ಟು ಸಲ ನೋಡಿದ್ದೀರಿ ಅಂತ ಕೇಳಿದ್ರಲ್ಲ? ಒಂದು ಸಲಾನೂ ಇಲ್ಲ. ನಾವು ಹೋಗೇ ಇಲ್ಲ. ಊರಿಗೆಲ್ಲ ಬೆಟ್ಟ ತೋರಿಸಿದ ಮಹಾರಾಯ ತಾನೂ ನೋಡಲಿಲ್ಲ, ನನಗೂ ತೋರಿಸಲಿಲ್ಲ!"

ನಾದಿನಿ ಬಂದು ಭುಜ ಹಿಡಿದಳು. ಆಕೆ ಕೊಡವಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಇವರ ಸಂಖ್ಯೆಯನ್ನು ಕೂಗಿದರು.

ಕೊನೆಯ ಸಲ ನೋಡಲು ಎಲ್ಲರೂ ಸುತ್ತ ನಿಂತರು. ಅಂಗಿಯ ಕೊರಳಪಟ್ಟಿ ಒಂದು ಕಡೆ ಮಡಚಿಕೊಂಡಿತ್ತು. ಆಕೆ ಬಗ್ಗಿ, ಎರಡು ಬೆರಳಿನಲ್ಲಿ ಅದನ್ನು ಹೊರಳಿಸಿ, ಅಂಚು ತೀಡಿ ಕೂರಿಸಿದಳು. "ನನ್ನನ್ನ ಒಂದು ಸಲ ಕೇಳಬಾರದಿತ್ತಾ?" ಎಂದಳು ಮೆಲ್ಲಗೆ, ಅವರಿಗಷ್ಟೇ ಕೇಳುವಂತೆ. ಆಮೇಲೆ ಬಾಗಿಲು ಮುಚ್ಚಿತು.

ಹಿಂತಿರುಗುವಾಗ ಆಕೆ ಯಾರು ಹೇಳಿದರೂ ಕೇಳದೆ ಡ್ರೈವರಿನ ಪಕ್ಕದ ಸೀಟಿನಲ್ಲಿ ಕುಳಿತಳು. ಊರಿನ ಮೇಲ್ಸೇತುವೆ ಬಸವನಹುಳುವಿನ ಚಿಪ್ಪಿನಂತೆ ಒಂದೂವರೆ ಸುತ್ತು ಸುತ್ತಿ ಕೆಳಗಿಳಿಯುತ್ತದೆ. ಡ್ರೈವರು ಆಕೆಯ ಕಡೆ ಒಮ್ಮೆ ನೋಡಿ ವೇಗ ತಗ್ಗಿಸಿದ.

"ಯಾಕೆ ನಿಧಾನ ಮಾಡಿದ್ರಿ?"

"ಅಲ್ಲಮ್ಮ, ತಿರುವು..."

"ಬೆಟ್ಟದಲ್ಲಿ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ."

"ಅತ್ತಿಗೆ, ಬೇಡ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು," ಎಂದು ನಾದಿನಿ ಹಿಂದಿನಿಂದ ಕೂಗಿದಳು.

ಡ್ರೈವರು ಗೇರು ಬದಲಾಯಿಸಿದ. ವ್ಯಾನು ಒಂದು ಪಕ್ಕಕ್ಕೆ ವಾಲಿಕೊಂಡು ಇಳಿಯಿತು. ಆಕೆ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚದೆ, ಗಾಜಿನಾಚೆ ಓರೆಯಾಗಿ ಜಾರುತ್ತಿದ್ದ ಮನೆಗಳನ್ನು ನೋಡಿದಳು. ಕೆಳಗೆ ತಲುಪುವಷ್ಟರಲ್ಲಿ ಹಣೆಯ ಮೇಲೆ ಬೆವರು ಮೂಡಿತ್ತು.

"ನಿಲ್ಲಿಸಿ."

ಬಾಗಿಲು ತೆಗೆದುಕೊಂಡು ಇಳಿದವಳೇ ರಸ್ತೆಯಂಚಿನ ದೀಪದ ಕಂಬ ಹಿಡಿದು ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರಷ್ಟೇ. ಎಲ್ಲರೂ ದಡಬಡ ಇಳಿದು ಬಂದರು. ಡಾಕ್ಟರು ಬೆನ್ನು ನೇವರಿಸಲು ಕೈ ಚಾಚಿ ಸುಮ್ಮನಾದರು. ನಾದಿನಿ ನೀರಿನ ಬಾಟಲಿ ಕೊಟ್ಟಳು.

ಆಕೆ ಬಾಯಿ ಮುಕ್ಕಳಿಸಿ ಉಗಿದು, ಸೆರಗಿನಲ್ಲಿ ಒರೆಸಿಕೊಂಡು ನೆಟ್ಟಗೆ ನಿಂತಳು.

"ನೋಡಿದ್ರಾ? ಇಷ್ಟೇ."

ಆಕೆ ವ್ಯಾನಿನ ಮುಂದಿನ ಸೀಟಿಗೆ ತಾನೇ ಹತ್ತಿ, ಬೆಲ್ಟು ಎಳೆದು ಹಾಕಿಕೊಂಡು, ಕಿಟಕಿಯ ಗಾಜನ್ನು ಪೂರ್ತಿ ಕೆಳಕ್ಕೆ ಇಳಿಸಿದಳು. ಉಳಿದವರು ಇನ್ನೂ ರಸ್ತೆಯಲ್ಲೇ ಗುಂಪಾಗಿ ನಿಂತಿದ್ದರು. ಆಕೆ ಮೈ ಬಾಗಿಸಿ, ಡ್ರೈವರಿನ ಖಾಲಿ ಸೀಟಿನ ಮೇಲಿಂದ ಕೈ ಚಾಚಿ ಹಾರ್ನ್ ಒತ್ತಿ ಹಿಡಿದಳು.