ಹುಲಿಗಳು ಕಾಣದೆ ಹೋದ ದಸರಾ

ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ. ಬಟ್ಟೆ ಕೊಳ್ಳುವವರು ಮುಟ್ಟಿ ನೋಡುತ್ತಾರೆ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಮುಟ್ಟಲಿಕ್ಕೂ ಇಲ್ಲ, ಮೂಸಲಿಕ್ಕೂ ಇಲ್ಲ. ಫೋಟೊ ಒಂದೇ ಗತಿ. ಆ ಫೋಟೊವೇ ಕಾಣದಿದ್ದರೆ ಯಾರು ತಾನೇ ದುಡ್ಡು ಕೊಡುತ್ತಾರೆ? ಇಷ್ಟು ಸಣ್ಣ ಮಾತು ಕುದ್ರೋಳಿಯ ಹೇಮಾಕ್ಷಿಯ ತಲೆಗೆ ಹೋಗುವಷ್ಟರಲ್ಲಿ ಒಂದು ದಸರಾವೇ ಕಳೆದುಹೋಯಿತು.

ಹೇಮಾಕ್ಷಿ ಹೊಲಿಯುವುದು ಮಕ್ಕಳ ಹುಲಿವೇಷದ ಉಡುಪು. ಮೈಗೆ ಬಣ್ಣ ಬಳಿಸಿಕೊಳ್ಳಲಾಗದ ಪುಟ್ಟ ಮಕ್ಕಳಿಗೆ ಪಟ್ಟೆ ಬರೆದ ಅಂಗಿ, ಚಡ್ಡಿ, ಎರಡು ಕಿವಿ ಇರುವ ಟೊಪ್ಪಿ. ಮುಂಬೈ, ದುಬೈ, ಬಹ್ರೇನಿನಲ್ಲಿರುವ ನಮ್ಮೂರಿನವರೇ ಅವಳ ಗಿರಾಕಿಗಳು. ಪಾರ್ಸೆಲ್ ತಲುಪಲು ದಿನ ಹಿಡಿಯುತ್ತದೆಂದು ಅವರು ಆಗಸ್ಟಿನಲ್ಲೇ ಆರ್ಡರ್ ಹಾಕಲು ಶುರುಮಾಡಿ ಸೆಪ್ಟೆಂಬರ್ ನಡುವಿಗೆ ಮುಗಿಸುತ್ತಾರೆ. ಆ ಒಂದೂವರೆ ತಿಂಗಳು ತಪ್ಪಿತೆಂದರೆ ವರ್ಷ ತಪ್ಪಿದ ಹಾಗೆ. ದಸರಾ ಮುಗಿದ ಮೇಲೆ ಹುಲಿ ಅಂಗಿ ಯಾರಿಗೆ ಬೇಕು?

ಪಟ್ಟೆ ಬರೆಯುವವಳು ಪಕ್ಕದ ಮನೆಯ ರೊಸಾಲಿನ್. ಬೈಕಂಪಾಡಿಯ ಪ್ಯಾಕಿಂಗ್ ಘಟಕವೊಂದರಲ್ಲಿ ಹನ್ನೊಂದು ವರ್ಷ ನಿಂತೇ ಕೆಲಸ ಮಾಡಿ ಎರಡೂ ಮೊಣಕಾಲು ಹಾಳುಮಾಡಿಕೊಂಡ ಹೆಂಗಸು. ಏಪ್ರಿಲಿನಲ್ಲಿ ಹೇಮಾಕ್ಷಿಯೇ ಅವಳ ಮನೆಗೆ ಹೋಗಿ ಆ ಕೆಲಸ ಬಿಡಿಸಿದ್ದಳು. ಇದು ಕೂತು ಮಾಡುವ ಕೆಲಸ, ಈ ಸಲ ಇನ್ನೂರು ಉಡುಪು ಮಾಡುವ, ಬಂದದ್ದರಲ್ಲಿ ಸಮಪಾಲು ಎಂದು ಧೈರ್ಯ ತುಂಬಿದ್ದಳು. ರೊಸಾಲಿನ್ ಕೇಳಿದ್ದು ಒಂದೇ ಮಾತು.

"ಇದು ಹೋಗದಿದ್ರೆ ನಾನು ಪುನಃ ಅಲ್ಲಿಗೇ ಹೋಗಬೇಕು ಹೇಮಾ. ಹೋದ್ರೆ ಹೊಸಬರ ಸಂಬಳ, ಹೊಸಬರ ಹಾಗೆ ಪೂರ್ತಿ ದಿನ ನಿಲ್ಲಬೇಕು. ನಿನಗೆ ಧೈರ್ಯ ಉಂಟಾ?"

ಉಂಟು ಎಂದಿದ್ದಳು ಹೇಮಾಕ್ಷಿ. ಎದೆ ತಟ್ಟಿಕೊಂಡೇ ಹೇಳಿದ್ದಳು.

ಜುಲೈ ಕೊನೆಯ ವಾರ ಮಣ್ಣಗುಡ್ಡದ ಕೃತಿ ಟೀಚರ್ ತಮ್ಮ ಮಗ ವಿಭವನ ಅಳತೆ ಕೊಡಲು ಬಂದರು. ಪುರೋಹಿತರ ಮನೆಯ ಮಗಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಉಡುಪಿನ ಬಣ್ಣ ನೋಡಿ ಎಂದು ಹೇಮಾಕ್ಷಿ ಫೋನು ಕೈಗೆ ಕೊಟ್ಟಳು. ಅಷ್ಟರಲ್ಲಿ ಅವಳು ಉಡುಪು ಮಾರಲು ಹಾಕಿದ್ದ ಆನ್‌ಲೈನ್ ಮಾರಾಟ ತಾಣದವರ ಸೂಚನೆಯೊಂದು ಬಂತು. ಅದು ಮೂರನೆಯದು. ಮೊದಲಿನ ಎರಡನ್ನು ಹೇಮಾಕ್ಷಿ ಜಾಹೀರಾತು ಎಂದುಕೊಂಡು ಓದದೆ ಅಳಿಸಿದ್ದಳು.

ಕೃತಿ ಕೂತು ವಿವರಿಸಿದರು. ಹೇಮಾಕ್ಷಿಯ ಫೋಟೊಗಳು ಇರುವುದು ಮಾರಾಟ ತಾಣದಲ್ಲಿ ಅಲ್ಲ, ಅವಳ ತಮ್ಮ ದೀಪೇಶ್ ಬಹ್ರೇನಿಗೆ ಹೋಗುವ ಮೊದಲು ಮಾಡಿಕೊಟ್ಟ ಹಳೆಯ ವೆಬ್‌ಸೈಟಿನಲ್ಲಿ. ಮಾರಾಟ ತಾಣದ ಪಟ್ಟಿಯಲ್ಲಿ ಇರುವುದು ಆ ಫೋಟೊಗಳ ಲಿಂಕ್ ಮಾತ್ರ. ಆ ಲಿಂಕುಗಳೆಲ್ಲ ಎಚ್‌ಟಿಟಿಪಿ ಎಂದು ಶುರುವಾಗುತ್ತವೆ. ಅದು ಹಳೆಯ, ಭದ್ರತೆ ಇಲ್ಲದ ದಾರಿ. ಈಗ ಬೇಕಾದದ್ದು ಎಚ್‌ಟಿಟಿಪಿಎಸ್. ಆಗಸ್ಟ್ ಒಂದರಿಂದ ಹಳೆಯ ಲಿಂಕಿನ ಫೋಟೊಗಳನ್ನು ತೋರಿಸುವುದಿಲ್ಲ ಎಂದು ತಾಣದವರು ಬರೆದಿದ್ದರು.

ಇಷ್ಟು ವರ್ಷ ನಡೆದದ್ದು ಈಗ ಯಾಕೆ ನಡೆಯುವುದಿಲ್ಲ ಎಂದು ಹೇಮಾಕ್ಷಿ ಕೇಳಿದಳು.

"ಹಳೆಯ ಲಿಂಕ್ ಅಂದ್ರೆ ಅಂಚೆ ಕಾರ್ಡಿನ ಹಾಗೆ ಹೇಮಕ್ಕ. ದಾರಿಯಲ್ಲಿ ಯಾರು ಬೇಕಾದ್ರೂ ಓದಬಹುದು, ನಿಮ್ಮ ಫೋಟೊ ತೆಗೆದು ಬೇರೆ ಎಂತದ್ದಾದ್ರೂ ಇಡಬಹುದು. ಹೊಸದು ಅಂಟಿಸಿದ ಲಕೋಟೆ. ಅವರಿಗೆ ಇನ್ನು ಲಕೋಟೆಯೇ ಬೇಕಂತೆ. ಒಂದು ಮಧ್ಯಾಹ್ನದ ಕೆಲಸ. ನಾಳೆ ಬಂದು ನಾನೇ ಕೂತು ಮಾಡಿ ಕೊಡ್ತೇನೆ."

ಒಳಗೆ ಉಣ್ಣುತ್ತಿದ್ದ ಗಂಡ ಜಯ ಅಲ್ಲಿಂದಲೇ ಅಡ್ಡ ಬಾಯಿ ಹಾಕಿದ. ಇವನು ರಿಕ್ಷಾ ಓಡಿಸುವವನು. ಇಂಟರ್ನೆಟ್ಟಿನ ಗಂಧಗಾಳಿ ಇಲ್ಲ, ಆದರೆ ಅಭಿಪ್ರಾಯಕ್ಕೇನೂ ಬರವಿಲ್ಲ. ಈಗ ಆಟಿ ತಿಂಗಳು, ಶುಭಕ್ಕೆ ಆಗದ ಮಳೆಗಾಲದ ತಿಂಗಳು, ಆಟಿಯಲ್ಲಿ ಹೊಸ ಕೆಲಸಕ್ಕೆ ಕೈ ಹಾಕಿದವರು ಉದ್ಧಾರವಾದದ್ದುಂಟಾ ಎಂದು ಕೇಳಿದ. ಸರಿಯಾಗಿ ಓಡುವ ಗಾಡಿಯ ಬಾನೆಟ್ ತೆರೆಯಬಾರದು ಎಂದೂ ಸೇರಿಸಿದ.

"ಆಟಿಯಲ್ಲಿ ಮಾಡು ಸೋರಿದ್ರೆ ಹಂಚು ಸರಿ ಮಾಡುವುದಿಲ್ವಾ ಜಯಣ್ಣ?" ಎಂದರು ಕೃತಿ. "ಇದು ಹೊಸ ಕೆಲಸ ಅಲ್ಲ, ರಿಪೇರಿ. ಬೇಕಾದ್ರೆ ನನ್ನ ಅಪ್ಪನನ್ನೇ ಕೇಳಿ."

ಪುರೋಹಿತರ ಮಗಳೇ ಹೇಳಿದ ಮೇಲೆ ಇನ್ನೇನು ಬೇಕಿತ್ತು? ಆದರೆ ಹೇಳಿದ್ದನ್ನು ಕೇಳುವ ಕಿವಿಯೂ ಬೇಕಲ್ಲ. ಹೇಮಾಕ್ಷಿ ನಕ್ಕು, ಟೀಚರಿಗೆ ಎರಡು ತುಂಡು ಪತ್ರೊಡೆ ಹಾಕಿಕೊಟ್ಟು, ಆಟಿ ಕಳೆದು ಆಗಸ್ಟ್ ನಡುವಿಗೆ ಸೋಣ ತಿಂಗಳು ಬರಲಿ, ಮೊದಲ ದಿನವೇ ಮಾಡುವ ಎಂದಳು. ಈ ವಿಷಯವನ್ನು ರೊಸಾಲಿನ್‌ಗೆ ಅವಳು ಹೇಳಲೂ ಇಲ್ಲ. ಪಟ್ಟೆ ಬರೆಯುವವಳಿಗೆ ಲಿಂಕಿನ ಗೊಡವೆ ಯಾಕೆ ಎಂದುಕೊಂಡಳು.

ಆಗಸ್ಟ್ ಒಂದು ಬಂತು. ಹೇಮಾಕ್ಷಿ ಬೆಳಿಗ್ಗೆ ಎದ್ದು ಫೋನು ತೆರೆದಳು. ಎಲ್ಲ ಹುಲಿಗಳೂ ಇದ್ದಲ್ಲೇ ಇದ್ದವು. ಜಯನಿಗೆ ಎಲ್ಲಿಲ್ಲದ ಖುಷಿ. ಓದಿದವರಿಗೆ ಹೆದರಿಸುವುದೇ ಒಂದು ಕೆಲಸ ಎಂದು ನಕ್ಕ. ಎಲ್ಲ ಸರಿ ಉಂಟು ಟೀಚರ್ ಎಂದು ಹೇಮಾಕ್ಷಿ ಸಂದೇಶ ಹಾಕಿದಳು. ನಿಮ್ಮ ಫೋನು ಮೊದಲು ನೋಡಿದ ಫೋಟೊಗಳನ್ನು ಒಳಗೆ ಇಟ್ಟುಕೊಂಡಿರುತ್ತದೆ, ಬೇರೆಯವರ ಫೋನಿನಲ್ಲಿ ನೋಡಿ ಎಂದು ಕೃತಿ ಉತ್ತರ ಬರೆದರು. ಅದನ್ನು ಓದಿದ ಹೇಮಾಕ್ಷಿ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದಳು. ಸೋಣ ಬಂದಾಗಲೂ ಫೋಟೊ ಕಾಣುತ್ತಿದ್ದುದರಿಂದ ಆ ಕೆಲಸ ನೆನಪಿಗೇ ಬರಲಿಲ್ಲ.

ಆದರೆ ಆರ್ಡರ್ ಬರಲಿಲ್ಲ. ಹೇಮಾಕ್ಷಿ ಮೊದಲು ಮಳೆಯನ್ನು ದೂರಿದಳು. ಆಮೇಲೆ ಗಲ್ಫಿನವರ ಕೈ ಬಿಗಿಯಾಗಿದೆ ಎಂದಳು. ಕೊನೆಗೆ ಕಣ್ಣು ತಾಗಿದೆ ಎಂದು ಹೊಲಿಗೆ ಯಂತ್ರಕ್ಕೆ ನಿಂಬೆಹಣ್ಣು, ಮೆಣಸು ಕಟ್ಟಿದಳು. ರೊಸಾಲಿನ್ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೂತು ಪಟ್ಟೆ ಬರೆಯುತ್ತಲೇ ಇದ್ದಳು. ಉಡುಪುಗಳು ಮಡಚಿ ಮಡಚಿ ಕಿಟಕಿಯ ಎತ್ತರಕ್ಕೆ ಬಂದವು.

ಸೆಪ್ಟೆಂಬರ್ ಎರಡನೆಯ ವಾರ ಒಂದು ಬೆಳಿಗ್ಗೆ ರೊಸಾಲಿನ್ ತನ್ನ ಫೋನು ಹಿಡಿದುಕೊಂಡು ಬಂದಳು. ಮುಂಬೈಯಲ್ಲಿರುವ ಅವಳ ತಂಗಿ ಜಾನೆಟ್ ಮಗುವಿಗೊಂದು ಉಡುಪು ತರಿಸಲು ನೋಡಿದ್ದಳಂತೆ. ಏನೂ ಕಾಣುವುದಿಲ್ಲ ಎಂದಳಂತೆ.

"ಇಲ್ಲಿ ನೋಡು. ಬರೀ ಬಿಳಿ ಚೌಕ. ಕೆಳಗೆ ಹೆಸರು ಉಂಟು, ರೇಟು ಉಂಟು. ಹುಲಿ ಎಲ್ಲಿ?"

ಹೇಮಾಕ್ಷಿ ಎರಡು ಫೋನುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತನ್ನದರಲ್ಲಿ ಹುಲಿ, ಅವಳದರಲ್ಲಿ ಬಿಳಿ ಚೌಕ. ಆರು ವಾರಗಳಿಂದ ಗಿರಾಕಿಗಳಿಗೆಲ್ಲ ಕಾಣಿಸಿದ್ದು ಆ ಬಿಳಿ ಚೌಕ.

ಕೃತಿ ಅದೇ ದಿನ ಬಂದರು. ನಾನು ಅಂದೇ ಹೇಳಿದ್ದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ಹೇಮಾಕ್ಷಿಗೆ ಎಷ್ಟೋ ಹಗುರವಾಗುತ್ತಿತ್ತು. ದೀಪೇಶನಿಗೆ ಫೋನು ಮಾಡಿ ವೆಬ್‌ಸೈಟಿನ ಪಾಸ್‌ವರ್ಡ್ ಪಡೆದರು. ಅದಕ್ಕೆ ಜಾಗ ಕೊಟ್ಟ ಕಂಪನಿಗೆ ಹೇಳಿ ಭದ್ರತೆಯ ಪ್ರಮಾಣಪತ್ರ ಹಾಕಿಸಿದರು; ಅದಕ್ಕೆ ಒಂದು ಪೈಸೆಯೂ ಆಗಲಿಲ್ಲ. ಒಂದೊಂದೇ ಫೋಟೊವನ್ನು ಹೊಸ ಲಿಂಕಿನಲ್ಲಿ ತೆರೆದು, ಬರುತ್ತದೆ ಎಂದು ಖಾತ್ರಿಯಾದ ಮೇಲೆ ಮಾರಾಟ ತಾಣದ ಪಟ್ಟಿಯಲ್ಲಿ ಹಳೆಯ ಲಿಂಕ್ ತೆಗೆದು ಹೊಸದು ಹಾಕಿದರು. ಊಟ ಮುಗಿಸಿ ಕೂತವರು ಸಂಜೆಯ ಚಹಾಕ್ಕೆ ಎದ್ದರು. ಅವರು ಹೇಳಿದ ಹಾಗೆ ಒಂದು ಮಧ್ಯಾಹ್ನದ ಕೆಲಸವೇ.

ಆದರೆ ಫೋಟೊ ಇಲ್ಲದ ಸರಕು ಎಂದು ತಾಣದವರು ಅಷ್ಟರಲ್ಲಿ ಅವಳ ಪಟ್ಟಿಯನ್ನು ಸುಲಭಕ್ಕೆ ಸಿಗದ ಹಾಗೆ ಬದಿಗೆ ಹಾಕಿದ್ದರು. ಪುನಃ ಪರಿಶೀಲಿಸಿ ಒಪ್ಪಲು ಅವರಿಗೆ ಒಂಬತ್ತು ದಿನ ಬೇಕಾಯಿತು. ಹುಲಿಗಳು ಎಲ್ಲರಿಗೂ ಕಂಡ ಮರುದಿನವೇ ನವರಾತ್ರಿ ಶುರು. ಮುಂಬೈಯ ಮಕ್ಕಳು, ದುಬೈಯ ಮಕ್ಕಳು ಬೇರೆ ಯಾರದೋ ಅಂಗಿ ತೊಟ್ಟು ಕುಣಿಯುತ್ತಿದ್ದರು. ಇಲ್ಲಿಯವರೇ ಬಂದು ಹದಿನಾಲ್ಕು ಉಡುಪು ಒಯ್ದರು. ಉಳಿದದ್ದು ಗೋಣಿಗೆ ಹೋಯಿತು.

ಜಯ ಆಟಿಯ ಸುದ್ದಿ ಮತ್ತೆ ಎತ್ತಲಿಲ್ಲ. ಈಗ ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರ ಹೆಂಡತಿ ಹಪ್ಪಳ, ಉಪ್ಪಿನಕಾಯಿ ಆನ್‌ಲೈನಿನಲ್ಲಿ ಮಾರುತ್ತಾಳೋ ಅವರನ್ನು ಹಿಡಿದು ನಿಲ್ಲಿಸಿ, ಲಿಂಕ್ ನೋಡಿದ್ದೀರಾ ಎಂದು ಕೇಳುತ್ತಾನೆ. ಬುದ್ಧಿ ಬಂದಿದೆ, ಒಪ್ಪುವ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ.

ದಸರಾ ಮುಗಿದ ಸೋಮವಾರ ರೊಸಾಲಿನ್ ಬುತ್ತಿಯ ಚೀಲ ಹಿಡಿದು ಬೈಕಂಪಾಡಿಗೆ ಹೊರಟಳು. ಹೇಮಾಕ್ಷಿ ಗೇಟಿನವರೆಗೆ ಓಡಿದಳು. ಮುಂದಿನ ವರ್ಷ ಖಂಡಿತ ಹೋಗುತ್ತದೆ, ಉಡುಪು ಹೇಗೂ ತಯಾರುಂಟು ಎಂದು ತೊದಲಿದಳು.

"ನನ್ನ ಕಾಲು ಮುಂದಿನ ವರ್ಷದವರೆಗೆ ಕಾಯುವುದಿಲ್ಲ ಹೇಮಾ," ಎಂದಳು ರೊಸಾಲಿನ್. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ. "ಟೀಚರ್ ಹೇಳಿದ್ದನ್ನು ನನಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಅವತ್ತೇ ನನ್ನ ಫೋನಿನಲ್ಲಿ ನೋಡ್ತಿದ್ದೆ."

ಅಷ್ಟು ಹೇಳಿ ರೊಸಾಲಿನ್ ಬಸ್ಸಿನ ಕಡೆಗೆ ನಡೆದಳು.

ಆನ್‌ಲೈನಿನಲ್ಲಿ ಮಾರುವ ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆ ಮಡಚಿಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಫೋಟೊಗಳು ಬೇರೆ ವೆಬ್‌ಸೈಟಿನಲ್ಲಿ ಇದ್ದರೆ ಅವುಗಳ ಲಿಂಕ್ ಹೇಗೆ ಶುರುವಾಗುತ್ತದೆ ನೋಡಿ. ಎಚ್‌ಟಿಟಿಪಿಎಸ್ ಅಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ ಇವತ್ತೇ ಬದಲಾಯಿಸಿ. ಬರೀ ಲಿಂಕ್ ತಿದ್ದಿದರೆ ಸಾಲದು, ಆ ವೆಬ್‌ಸೈಟಿಗೂ ಭದ್ರತೆ ಹಾಕಿಸಿರಬೇಕು. ಅದು ಆಗದಿದ್ದರೆ ಫೋಟೊಗಳನ್ನು ನೇರವಾಗಿ ಮಾರಾಟ ತಾಣಕ್ಕೇ ಹಾಕಿ. ನಂತರ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ನಿಮ್ಮ ಫೋನನ್ನು ನಂಬಬೇಡಿ. ತಾಣದವರ ಸೂಚನೆ ಬಂದರೆ ಓದಿ. ನಿಮ್ಮ ಮಾತು ನಂಬಿ ಇದ್ದ ಕೆಲಸ ಬಿಟ್ಟು ಬಂದವರು ಯಾರಾದರೂ ಇದ್ದರೆ, ಆ ಸೂಚನೆಯನ್ನು ಮೊದಲು ಅವರಿಗೆ ಓದಿ ಹೇಳಿ.