ಇನ್ನೂರು ಕೋಟಿ ಏಳು

ವೇದಿಕೆಯಲ್ಲಿ ಮೊಮ್ಮಗಳು ಬೋರ್ಡಿನ ಮೇಲೆ ಹೊದಿಸಿದ್ದ ಹಳೇ ಸೀರೆ ಸರಿಸಿದಳು. ಸಂಖ್ಯೆಯ ಮೊದಲಲ್ಲಿ ಒಂದು ಇರಬೇಕಿತ್ತು. ಎರಡು ಇತ್ತು.

ಮೊಮ್ಮಗಳು ಭಾನುಪ್ರಿಯಾ ಮರಳೂರಿನಲ್ಲಿ ನನ್ನ ಜೊತೆಗಿದ್ದು ತುಮಕೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅವತ್ತು ಒಂದು ಸಂಖ್ಯೆಯನ್ನು ಆರಿಸಿಕೊಂಡು ಅದರ ಬಗ್ಗೆ ಮಾತಾಡುವ ಸ್ಪರ್ಧೆ, ಗೆದ್ದವರಿಗೆ ಬೇಸಿಗೆಯ ಗಣಿತ ಶಿಬಿರ. ಅದಕ್ಕೆ ಹೋಗಲೇಬೇಕೆಂದು ಅವಳು ಆರಿಸಿಕೊಂಡದ್ದು ನೂರು ಕೋಟಿ ಏಳು, 1000000007. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ. ಅದಕ್ಕೆ ಎರಡು ಕೂಡಿದರೆ ಬರುವುದೂ ಅವಿಭಾಜ್ಯವೇ. "ಅವಳಿ ಕಣಜ್ಜಿ ಇವು" ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದಳು. ನಾನೂ ಗಣಿತ ಓದಿದವಳು, ಕೇಳಲು ಹಿತವಾಗಿತ್ತು.

ಬೋರ್ಡು ಬರೆದುಕೊಟ್ಟವನು ನನ್ನ ಮಗ ಗೋವಿಂದರಾಜು, ಅವಳ ಸೋದರಮಾವ. ಗುಬ್ಬಿಯಲ್ಲಿ ನಂಬರ್ ಪ್ಲೇಟ್ ಬರೆಯುವ ಅಂಗಡಿ ಅವನದು. ಯಾವ ನಂಬರ್ ಬಂದರೂ ಮೊದಲು ಅಂಕಿಗಳನ್ನು ಕೂಡುತ್ತಾನೆ. ಎಂಟು ಬಂದರೆ ಶನಿ ಎಂದು ಮುಖ ಹುಳ್ಳಗೆ ಮಾಡುತ್ತಾನೆ. ಒಂಬತ್ತು ಬಂದರೆ ಗಿರಾಕಿಗೆ ಟೀ ತರಿಸುತ್ತಾನೆ. ಪ್ಲೇಟಿನ ಅಂಕಿ ಬದಲಿಸುವಂತಿಲ್ಲ. ಈ ಬೋರ್ಡಿಗೆ ಯಾರ ಅಡ್ಡಿಯೂ ಇರಲಿಲ್ಲ.

"ಏನೋ ಇದು?" ಎಂದೆ ಪಕ್ಕದಲ್ಲಿ ಕೂತಿದ್ದ ಅವನಿಗೆ, ಪಿಸುದನಿಯಲ್ಲಿ.

"ಒಂದೂ ಏಳೂ ಎಂಟಾಗ್ತಿತ್ತಮ್ಮ. ಮಗು ಜೊತೆ ಶನೀನ ಕಳಿಸ್ಲಾ? ಈಗ ಒಂಬತ್ತು. ನಂಬರ್ ದೊಡ್ಡದೂ ಆಯ್ತು ಬುಡು!"



ಕುಣಿಗಲ್‌ನಿಂದ ಬಂದಿದ್ದ ತೀರ್ಪುಗಾರ ಲಕ್ಷ್ಮೀಕಾಂತ್ ಮೇಷ್ಟ್ರು ಕನ್ನಡಕ ಏರಿಸಿದರು. "ಏನಮ್ಮಾ, ಇದು ಒಂಬತ್ತರಲ್ಲಿ ಹೋಗುತ್ತೆ. ಅವಿಭಾಜ್ಯ ಅಂತ ಬರ್ಕೊಂಡು ಬಂದಿದೀಯಲ್ಲ?"

ಸಭೆ ಗೊಳ್ಳೆಂದಿತು. ಭಾನು ತಿರುಗಿ ನಮ್ಮ ಕಡೆ ನೋಡಿದಳು. ಅಂಗಡಿ ಮುಚ್ಚಿ ಬಂದಿದ್ದ ಗೋವಿಂದರಾಜು ಏನೂ ತಿಳಿಯದೆ ಅವಳಿಗೆ ಹೆಬ್ಬೆರಳೆತ್ತಿ ತೋರಿಸಿದ. ಉಗುರಲ್ಲಿ ಇನ್ನೂ ಕಪ್ಪು ಬಣ್ಣವಿತ್ತು. 'ನಮ್ಮ ಮಾವ ಕೆಡಿಸಿದ್ರು' ಎಂದಿದ್ದರೆ ಅವಳು ಬಚಾವಾಗುತ್ತಿದ್ದಳು.

"ಒಂದಂಕಿ ತಪ್ಪಿದೆ ಸರ್," ಎಂದಳು. "ತಪ್ಪಿದ್ರೆ ಏನಾಗುತ್ತೆ ಅಂತ ಇಲ್ಲಿಂದ್ಲೇ ಶುರು ಮಾಡ್ಲಾ?"

ಹತ್ತನ್ನಾಗಲಿ, ನೂರನ್ನಾಗಲಿ, ಕೋಟಿಯನ್ನಾಗಲಿ ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷ ಒಂದು. ಅದಕ್ಕೇ ಅಂಕಿಗಳ ಮೊತ್ತ ಒಂಬತ್ತಾದರೆ ಸಂಖ್ಯೆಯೂ ಒಂಬತ್ತರಲ್ಲಿ ಹೋಗುತ್ತದೆ ಎಂದು ತೋರಿಸಿದಳು. ಎರಡರ ಮೇಲೆ ಕಾಗದ ಅಂಟಿಸಿ ಒಂದು ಬರೆದಳು. ಇದರ ವರ್ಗಮೂಲ ಮೂವತ್ತೊಂದು ಸಾವಿರ ಚಿಲ್ಲರೆ, ಅಲ್ಲಿವರೆಗಿನ ಯಾವ ಅವಿಭಾಜ್ಯವೂ ಇದನ್ನು ಭಾಗಿಸುವುದಿಲ್ಲ ಎಂದಳು. ನಗು ನಿಂತಿತ್ತು.

ಗೋವಿಂದರಾಜು ಮೆಲ್ಲಗೆ ಎದ್ದು ನಿಂತ. "ಸಾರ್, ಬದಲಾಯ್ಸಿದ್ದು ನಾನು. ಮಗೂದೇನಿಲ್ಲ."

"ಗೊತ್ತಾಯ್ತು, ಕೂತ್ಕೊಳಿ. ನಿಮ್ಮ ಹೆಬ್ಬೆರಳು ಆಗ್ಲೇ ನೋಡ್ದೆ," ಎಂದು ಮೇಷ್ಟ್ರು ತಮ್ಮ ನೀರಿನ ಬಾಟ್ಲಿಯನ್ನು ಭಾನು ಕಡೆ ಸರಿಸಿದರು.

ಸಂಜೆ ಶಿಬಿರಕ್ಕೆ ಅವಳ ಹೆಸರು ಕರೆದರು.

ಹೊರಗೆ ಗೋವಿಂದರಾಜು ಕೇಳಿದ: "ಮೊತ್ತ ಒಂಬತ್ತು ಬರೋ ಅವಿಭಾಜ್ಯ ಒಂದೂ ಇಲ್ವೇನೇ?"

"ಒಂದೂ ಇಲ್ಲ ಮಾವ."

"ಹಂಗಾದ್ರೆ ನನ್ ಬೈಕು? ಅದ್ರ ನಂಬರ್ ಕೂಡಿದ್ರೂ ಒಂಬತ್ತೇ."

"ಅದೂ ಒಂಬತ್ತರಲ್ಲಿ ಹೋಗುತ್ತೆ."

ಸಿಡಿಲು ಬಡಿದವನಂತೆ ಬೈಕಿನ ನಂಬರನ್ನೇ ನೋಡುತ್ತಾ ನಿಂತ. ಭಾನು ಬೋರ್ಡನ್ನು ಸೀರೆಯಲ್ಲಿ ಸುತ್ತಿ, ಬೈಕಿನ ಹಿಂದಿನ ಸೀಟಿನಲ್ಲಿ ಕೂತಳು.

"ಓಡುತ್ತೆ ಬಿಡಿ ಮಾವ. ನಡೀರಿ."