ಹದಿನೆಂಟು ಗಂಟೆಯ ದಾರಿ

ಅಣ್ಣನಿಗೆ ವಿಮಾನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೆಲಸ. ನಾನು ಅವನ ಮಾತು ಮೀರಿ ಮದುವೆಯಾಗಿ ಪರದೇಶ ಸೇರಿದ ಮೇಲೆ ಅವನು ಮೊದಲ ಸಲ ಫೋನ್ ಮಾಡಿದ್ದು ಅಮ್ಮ ತೀರಿಕೊಂಡ ದಿನ.

"ಎರಡು ಕಡೆ ವಿಮಾನ ಬದಲಿಸ್ಬೇಕು ಕಣೇ, ಹದಿನೆಂಟು ಗಂಟೆ ಹಿಡಿಯುತ್ತೆ. ಅಲ್ಲೀತನಕ ಅಮ್ಮನ್ನ ಇಟ್ಕೊಳ್ಳೋಕಾಗಲ್ಲ. ಅಲ್ಲೇ ಇರು."

ವಿಮಾನದ ವಿಷಯಕ್ಕೆ ಅವನ ಮಾತೇ ವೇದವಾಕ್ಯ. ಇದ್ದಲ್ಲೇ ಕೂತು ಅತ್ತೆ.

ತಿಂಗಳ ಮೇಲೆ ಊರಿಗೆ ಹೊರಟೆ. ಒಂದೇ ವಿಮಾನ. ಉಂಡು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಇಳಿಸಿಬಿಟ್ಟರು. ಐದೇ ಗಂಟೆ! ಮೈಯೆಲ್ಲ ಉರಿದುಹೋಯಿತು.

ಪೆಟ್ಟಿಗೆ ಎಳೆದುಕೊಂಡು ನೇರ ಅಣ್ಣನ ಕೌಂಟರಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಹೇಳಿ ಮೇಡಂ" ಅಂದ.

"ಅಮ್ಮ ತೀರ್ಕೊಂಡಿದ್ದಾರೆ ಸಾರ್. ಮಗಳು ಬರೋಕೆ ಎಷ್ಟು ಹೊತ್ತು ಬೇಕು?"